ಅಜ್ಜನ ಮುಖ ತೆಗೆಯಲು ಯಾವ ಹಳೇ ಲೆನ್ಸ್? ಜುಪಿಟರ್ 9, ಎಲ್ಮಾರ್ 90, ನಿಕ್ಕೋರ್, ಕ್ಯಾನನ್

ಗುಳೇದಗುಡ್ಡದ ಮೊಮ್ಮಗ

ನಮಸ್ಕಾರ ರೀ ಎಲ್ಲರಿಗೂ. ನನ್ನ ಹತ್ತಿರ ಒಂದು ಝೋರ್ಕಿ 4 ಇದೆ, ಹಳೇ ರಷ್ಯನ್ ಫಿಲ್ಮ್ ಕ್ಯಾಮೆರಾ. ಸೋದರಮಾವ ಸ್ಟುಡಿಯೋ ಮುಚ್ಚಿದಾಗ ಟ್ರಂಕಿನಲ್ಲಿ ಸಿಕ್ಕಿತು. ಅದರ ಮೇಲೆ ಜುಪಿಟರ್ 8 ಲೆನ್ಸ್, 50 ಮಿ.ಮೀ., ಎಫ್ 2 (ಈ ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ). ಕಳೆದ ಒಂದು ವರ್ಷ ಪೂರ್ತಿ ಅದರಲ್ಲೇ ತೆಗೆದೆ. ಬಾದಾಮಿ ಗುಡ್ಡ, ಬನಶಂಕರಿ ಜಾತ್ರೆ, ಅಲ್ಲಿ ನಾಟಕ ಕಂಪನಿಯವರು ಬಣ್ಣ ಹಚ್ಚಿಕೊಳ್ಳುವುದು, ಎಲ್ಲ. ಫೋಟೋಗಳು ಚೆನ್ನಾಗಿ ಬಂದಿವೆ.

ಈಗ ಒಂದು ಆಸೆ ಇದೆ. ನಮ್ಮ ಅಜ್ಜ ಖಣ ನೇಯುತ್ತಾರೆ. ವಯಸ್ಸು ಎಂಬತ್ತರ ಹತ್ತಿರ. ಇನ್ನೂ ಕುಣಿಮಗ್ಗದಲ್ಲೇ ಕೂರುತ್ತಾರೆ. ಅವರ ಮುಖದ ಒಂದು ಒಳ್ಳೆ ಫೋಟೋ ಫಿಲ್ಮಿನಲ್ಲಿ ಬೇಕು. 50ರಲ್ಲಿ ತೀರಾ ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ. ಹಿಂದೆ ಸರಿದರೆ ಮಗ್ಗವೇ ತುಂಬಿಕೊಂಡು ಅಜ್ಜ ಸಣ್ಣಗಾಗುತ್ತಾರೆ. 85 ಅಥವಾ 90 ಮಿ.ಮೀ. ಲೆನ್ಸ್ ಬೇಕು ಅನ್ನುವಷ್ಟು ಗೊತ್ತಾಗಿದೆ. ಯಾವುದು ಅನ್ನೋದು ಗೊತ್ತಾಗುತ್ತಿಲ್ಲ.

ಓದುತ್ತಾ ಹೋದಂತೆ ಸಿಕ್ಕ ಹೆಸರುಗಳು: ಜುಪಿಟರ್ 9, ಲೈಕಾದ ಎಲ್ಮಾರ್ 90, ಕ್ಯಾನನ್ 85 ಎಫ್ 1.9, ನಿಕ್ಕೋರ್ 8.5 ಸೆಂ.ಮೀ. ಎಫ್ 2. ಕೈಯಲ್ಲಿ ಹದಿನೈದು ಸಾವಿರ ಇದೆ. ಇನ್ನೊಂದಿಷ್ಟು ಕೂಡಿಸಬಹುದು. ಮಗ್ಗದ ಕೋಣೆಗೆ ಒಂದೇ ಕಿಟಕಿ. ಬೆಳಿಗ್ಗೆ ಹತ್ತರ ಸುಮಾರಿಗೆ 400 ವೇಗದ ಫಿಲ್ಮಿನಲ್ಲಿ ಎಫ್ 2 ಇಟ್ಟರೆ ಶಟರ್ 1/60 ಸೆಕೆಂಡ್ ಬರುತ್ತದೆ. ಅದಕ್ಕಿಂತ ಜಾಸ್ತಿ ಬೆಳಕಿಲ್ಲ. ಬಳಸಿದವರು ದಯವಿಟ್ಟು ಹೇಳಿ.

ಹಳೇ ಸ್ಟುಡಿಯೋ, ವಿಜಯಪುರ

ತಮ್ಮಾ, ಅಜ್ಜನ ಫೋಟೋ ಅಂದೆಯಲ್ಲ, ಅದಕ್ಕೇ ಬರೆಯಲು ಕೂತೆ. ನಾನು ಮೂವತ್ತು ವರ್ಷ ಸ್ಟುಡಿಯೋ ನಡೆಸಿದವನು. ನನ್ನ ಮತ ಎಲ್ಮಾರಿಗೆ.

9 ಸೆಂ.ಮೀ. ಎಫ್ 4 ಎಲ್ಮಾರ್ ಬಂದದ್ದು 1931ರಲ್ಲಿ. ನಾಲ್ಕು ಗಾಜು, ಮೂರು ಗುಂಪು. ಒಳಗೆ ಕೆಡುವಂಥದ್ದು ಕಡಿಮೆ. ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವುದೂ ಕಷ್ಟವಲ್ಲ. ದಶಕಗಟ್ಟಲೆ ಮಾಡಿದ್ದಾರೆ. ಹಾಗಾಗಿ ಲೈಕಾ ಹೆಸರಿನ ಲೆನ್ಸ್‌ಗಳಲ್ಲಿ ಇವತ್ತಿಗೂ ಸಾಮಾನ್ಯರ ಕೈಗೆಟುಕುವ ಕೆಲವುಗಳಲ್ಲಿ ಇದೂ ಒಂದು. ತೂಕವೂ ಹಗುರ.

ಎಫ್ 4 ಅಂದರೆ ಕತ್ತಲೆ ಅಂತ ಈಗಿನವರು ಹೇಳುತ್ತಾರೆ. ನಾವು ಸ್ಟುಡಿಯೋದಲ್ಲಿ ಎಫ್ 2 ಇಟ್ಟು ಮುಖ ತೆಗೆದವರೇ ಅಲ್ಲ. ಲೆಕ್ಕ ಹಾಕಿ ನೋಡು. ಒಂದೂವರೆ ಮೀಟರ್ ದೂರದಲ್ಲಿ 85ರ ಲೆನ್ಸ್ ಎಫ್ 2ಕ್ಕೆ ಇಟ್ಟರೆ ಶಾರ್ಪ್ ಇರುವ ಆಳ ನಾಲ್ಕು ಸೆಂ.ಮೀ. ಕೂಡ ಬರುವುದಿಲ್ಲ. ಮುಖ ಸ್ವಲ್ಪ ಓರೆಯಾಗಿದ್ದರೆ ಈಚೆ ಕಣ್ಣು ಸಿಕ್ಕರೆ ಆಚೆ ಕಣ್ಣು ಹೋಯಿತು. 90ರ ಎಫ್ 4ಕ್ಕೆ ಆರೂವರೆ ಸೆಂ.ಮೀ. ಸಿಗುತ್ತದೆ. ವಯಸ್ಸಾದವರು ಸುಮ್ನೆ ಕೂತರೂ ಉಸಿರಿನ ಜೊತೆ ಅಷ್ಟು ಅಲ್ಲಾಡುತ್ತಾರೆ.

ಇನ್ನೊಂದು ಮಾತು. ನಮ್ಮ ಕಡೆಯ ಅಜ್ಜಂದಿರು ಅಂದರೆ ಬಿಳಿ ರುಮಾಲು, ಬಿಸಿಲಿಗೆ ಕಂದಿದ ಮುಖ. ಈ ಎರಡನ್ನೂ ಒಂದೇ ನೆಗೆಟಿವ್‌ನಲ್ಲಿ ಹಿಡಿಯುವುದು ಬಹಳ ಕಷ್ಟ. ಮುಖಕ್ಕೆ ಬೆಳಕು ಹೊಂದಿಸಿದರೆ ರುಮಾಲಿನ ಮಡಿಕೆಗಳೆಲ್ಲ ಅಳಿಸಿ ಬರೀ ಬಿಳಿ ಉಂಡೆ ಉಳಿಯುತ್ತದೆ. ರುಮಾಲಿಗೆ ಹೊಂದಿಸಿದರೆ ಕಣ್ಣಿನ ಗುಳಿ ಕಪ್ಪು. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ, ಬೆಳಕು ವಾಪಸ್ ಚಿಮ್ಮದಂತೆ ಗಾಜಿಗೆ ಹಚ್ಚುವ ಕೋಟಿಂಗ್ ಇಲ್ಲದ ಎಲ್ಮಾರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಾಜಿನ ಮೇಲ್ಮೈಗಳಲ್ಲಿ ಚೂರು ಬೆಳಕು ಚದುರಿ ನೆರಳಿನ ಜಾಗಗಳಿಗೆ ಹರಡುತ್ತದೆ. ಕಣ್ಣಿನ ಗುಳಿಯಲ್ಲಿ, ಗದ್ದದ ಕೆಳಗೆ ಒಂದಿಷ್ಟು ವಿವರ ಉಳಿಯುತ್ತದೆ. ಹುಡ್, ಅಂದರೆ ಲೆನ್ಸಿನ ಮುಂದೆ ಹಾಕುವ ನೆರಳಿನ ಕೊಳವೆ, ಮಾತ್ರ ಬೇಕೇ ಬೇಕು. ಹುಡ್ ಇಲ್ಲದೆ ಕಿಟಕಿಯ ಎದುರು ಹಿಡಿದರೆ ಇಡೀ ಫೋಟೋ ಹಾಲು ಚೆಲ್ಲಿದ ಹಾಗೆ ಬರುತ್ತದೆ.

ಅಜ್ಜನನ್ನು ಮಗ್ಗದಿಂದ ಎಬ್ಬಿಸಿ ಹೊಸ್ತಿಲ ಒಳಗೆ ಎರಡು ಹೆಜ್ಜೆಯ ಮೇಲೆ ಕೂರಿಸು. ಹೊರಗಿನ ಬಿಸಿಲು ನೆಲಕ್ಕೆ ಬಡಿದು ಮುಖಕ್ಕೆ ಬರಲಿ. ಎಫ್ 4 ಸಾಕು.

ಬಿಸಿಲು ಅಂದಾಗ ನೆನಪಾಯಿತು. ನಿನ್ನ ಝೋರ್ಕಿಯ ಶಟರ್ ಬಟ್ಟೆಯದು. ಲೆನ್ಸ್ ಮುಚ್ಚಳ ತೆಗೆದು, ಸೂರ್ಯನ ಕಡೆ ಮುಖ ಮಾಡಿ ಇಡಬೇಡ. ನಾನು ಒಮ್ಮೆ ಗೋಳಗುಮ್ಮಟದ ಮುಂದಿನ ತೋಟದಲ್ಲಿ ಕ್ಯಾಮೆರಾ ಬೆಂಚಿನ ಮೇಲೆ ಇಟ್ಟು ನೀರು ಕುಡಿಯಲು ಹೋಗಿದ್ದೆ. ಭೂತಗನ್ನಡಿಯಿಂದ ಕಾಗದ ಸುಟ್ಟ ಹಾಗೆ ಶಟರ್ ಬಟ್ಟೆಗೆ ತೂತು ಬಿತ್ತು. ಮುಂದಿನ ಎರಡು ರೋಲಿನ ಪ್ರತಿ ಫೋಟೋದಲ್ಲೂ ಬಿಳಿ ಚುಕ್ಕೆ.

ಟಿಳಕವಾಡಿ ಸ್ಕ್ರೂಮೌಂಟ್

ಕಾಕಾ, ಎಲ್ಮಾರ್ ಬಗ್ಗೆ ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ತಮ್ಮನ ಕೈಯಲ್ಲಿರುವುದು ಲೈಕಾ ಅಲ್ಲ, ಝೋರ್ಕಿ. ಯಾವ ಲೆನ್ಸ್ ಅಂತ ಕೇಳುವ ಮೊದಲು ಯಾವ ಬಾಡಿ ಅಂತ ಕೇಳಬೇಕು. ಇಷ್ಟು ವರ್ಷ ಹಳೇ ಕ್ಯಾಮೆರಾ ಬಿಚ್ಚಿ ಜೋಡಿಸಿದ ಮೇಲೆ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಲೈಕಾ ಸ್ಕ್ರೂ, ಝೋರ್ಕಿ, ಫೆಡ್, ಹಳೇ ಕ್ಯಾನನ್, ಎಲ್ಲದಕ್ಕೂ 39 ಮಿ.ಮೀ. ಸ್ಕ್ರೂ ಮೌಂಟ್. ಒಂದರ ಲೆನ್ಸ್ ಇನ್ನೊಂದಕ್ಕೆ ತಿರುಗಿಸಿದರೆ ಕೂರುತ್ತದೆ. ಕೂತಿತು ಅಂದರೆ ಹೊಂದಿತು ಅಂತ ಅರ್ಥವಲ್ಲ. ದೂರ ಅಳೆದು ಫೋಕಸ್ ತೋರಿಸುವ ರೇಂಜ್‌ಫೈಂಡರ್ ಲೆನ್ಸಿನ ಮೂಲಕ ನೋಡುವುದಿಲ್ಲ ಅಲ್ವಾ? ಬಾಡಿಯ ಒಳಗೆ ಒಂದು ಸಣ್ಣ ನಾಲಿಗೆ ಇರುತ್ತದೆ. ಲೆನ್ಸಿನ ಹಿಂಬದಿಯ ಉಂಗುರ ಎಷ್ಟು ಸರಿಯಿತು ಅಂತ ಅದು ಮುಟ್ಟಿ ನೋಡುತ್ತದೆ. ಅಷ್ಟೇ ಅದಕ್ಕೆ ಗೊತ್ತು.

ಇಷ್ಟು ಸರಿದರೆ ಇಷ್ಟು ದೂರ ಅನ್ನುವ ಲೆಕ್ಕವನ್ನು ಲೈಕಾದವರು 51.6 ಮಿ.ಮೀ. ಲೆನ್ಸ್ ಇಟ್ಟುಕೊಂಡು ಹಾಕಿದರು. ರಷ್ಯಾದವರ ಲೆನ್ಸ್‌ಗಳು ಜರ್ಮನಿಯ ಝೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾದ ಲೆಕ್ಕದಿಂದ ಬಂದವು, 52.4ರ ಆಸುಪಾಸು. ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ದೂರದ ಗುಡ್ಡ ತೆಗೆದರೆ ಗೊತ್ತೇ ಆಗುವುದಿಲ್ಲ. 35 ಮಿ.ಮೀ. ಲೆನ್ಸಿನಲ್ಲೂ ಗೊತ್ತಾಗುವುದಿಲ್ಲ. 85ರ ಲೆನ್ಸಿನಲ್ಲಿ, ಒಂದೂವರೆ ಮೀಟರಿನಲ್ಲಿ, ಮುಖಕ್ಕೆ ಹಿಡಿದಾಗ ಮಾತ್ರ ತೊಂದರೆ. ಜುಪಿಟರ್ 9 ಅನ್ನು ಲೈಕಾ ಬಾಡಿಗೆ ಹಾಕಿದರೆ ಫೋಕಸ್ ನಾಲ್ಕೈದು ಸೆಂ.ಮೀ. ಹಿಂದೆ ಬೀಳುತ್ತದೆ. ಕಣ್ಣಿಗೆ ಹಿಡಿದರೆ ಕಿವಿಯ ಕಡೆ ಶಾರ್ಪ್. ಎಲ್ಮಾರನ್ನು ಝೋರ್ಕಿಗೆ ಹಾಕಿದರೆ ಇದರ ಉಲ್ಟಾ. ಕಣ್ಣಿಗೆ ಹಿಡಿದರೆ ಮೂಗಿನ ತುದಿ ಶಾರ್ಪ್. ಕಾಕಾ ಎಫ್ 4ಕ್ಕೆ ಆರೂವರೆ ಸೆಂ.ಮೀ. ಅಂದರಲ್ಲ, ಅದು ಹಿಂದೆ ಮುಂದೆ ಎರಡೂ ಸೇರಿ. ಮುಂದಿನ ಅರ್ಧಕ್ಕೇ ಇಷ್ಟು ತಪ್ಪು ಬಂದರೆ ಎಫ್ 4 ಸಾಲದು. ಎಫ್ 5.6ಕ್ಕೆ ಹೋಗಬೇಕು. ಆ ಕೋಣೆಯಲ್ಲಿ ಅಷ್ಟು ಬೆಳಕು ಎಲ್ಲಿದೆ?

ಹಾಗಾಗಿ ಝೋರ್ಕಿಗೆ ಜುಪಿಟರ್ 9. ಲೈಕಾ, ಕ್ಯಾನನ್ ಬಾಡಿ ಇರುವವರಿಗೆ ಎಲ್ಮಾರ್, ಕ್ಯಾನನ್, ನಿಕ್ಕೋರ್. ಅಗ್ಗ ದುಬಾರಿ ಅನ್ನುವ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ.

ಜುಪಿಟರ್ 9 ಬಗ್ಗೆ ಹೇಳದೆ ಇರಲಾರೆ. ಅದರ ಮೂಲ ಝೈಸ್ ಸೊನ್ನಾರ್ 8.5 ಸೆಂ.ಮೀ. ಎಫ್ 2. ಸೊನ್ನಾರ್ ರಚನೆ ಲುಡ್ವಿಗ್ ಬರ್ಟೆಲೆ ಅವರದು, 1930ರ ದಶಕದ ಕಾಂಟ್ಯಾಕ್ಸ್ ಕ್ಯಾಮೆರಾಗಳಿಗೆ ಮಾಡಿದ್ದು. ಏಳು ಗಾಜು, ಆದರೆ ಅಂಟಿಸಿ ಅಂಟಿಸಿ ಮೂರೇ ಗುಂಪು. ಅಂದರೆ ಗಾಳಿಗೆ ತಾಗುವ ಗಾಜಿನ ಮುಖ ಆರೇ. ಆಗ ಕೋಟಿಂಗ್ ಇರಲಿಲ್ಲ. ಗಾಳಿಗೆ ತಾಗಿದ ಪ್ರತಿ ಮುಖದಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ವಾಪಸ್ ಚಿಮ್ಮುತ್ತಿತ್ತು. ಮುಖಗಳು ಕಡಿಮೆ ಆದಷ್ಟೂ ಫೋಟೋ ತಿಳಿ. ಝೈಸ್‌ನ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಕೋಟಿಂಗ್ ಕಂಡುಹಿಡಿದರು. ಯುದ್ಧ ಮುಗಿದ ಮೇಲೆ ರಷ್ಯಾದವರು ಪರಿಹಾರವಾಗಿ ಕಾಂಟ್ಯಾಕ್ಸ್ ಯಂತ್ರಗಳನ್ನೂ ಝೈಸ್ ಗಾಜನ್ನೂ ಒಯ್ದರು. ಅಲ್ಲಿ ಸೊನ್ನಾರ್‌ಗೆ ಜುಪಿಟರ್ ಅಂತ ಹೆಸರಾಯಿತು.

ಎಫ್ 2ರಲ್ಲಿ ಈ ಲೆನ್ಸ್ ಮೆತ್ತಗೆ. ಶಾರ್ಪ್ ಇದ್ದ ಕಡೆಯೂ ಮೇಲೆ ಒಂದು ತೆಳು ಹೊಳಪು ಕೂತಿರುತ್ತದೆ. ಎಫ್ 2.8ಕ್ಕೆ ಬಂದರೆ ಆ ಹೊಳಪು ಹೋಗಿ ರೆಪ್ಪೆಗೂದಲು ಎಣಿಸಬಹುದು. ಹಿಂದಿನ ಜಾಗ ಮಾತ್ರ ಮೆತ್ತಗೇ ಉಳಿಯುತ್ತದೆ. ಬೆಳಕು ಬರುವ ತೂತನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್‌ನಲ್ಲಿ 15 ಎಲೆಗಳಿವೆ. ಎಷ್ಟು ಮುಚ್ಚಿದರೂ ತೂತು ಗುಂಡಗೇ ಇರುತ್ತದೆ. ಬನಶಂಕರಿ ಜಾತ್ರೆಯಲ್ಲಿ ನಾಟಕದ ಟೆಂಟಿನ ದೀಪಗಳನ್ನು ಹಿಂದೆ ಬಿಟ್ಟು ಒಂದು ಮುಖ ತೆಗೆ. ಪ್ರತಿ ಬಲ್ಬೂ ಒಂದು ಚಂದ್ರ.

ಸಮಸ್ಯೆಗಳೂ ಇವೆ. ಹತ್ತಿರದ ಮಿತಿ 1.15 ಮೀಟರ್. ಮತ್ತೆ ಝೋರ್ಕಿ 4ರ ರೇಂಜ್‌ಫೈಂಡರ್ ಕಿಟಕಿಗಳ ನಡುವಿನ ಅಂತರ ಬರೀ 38 ಮಿ.ಮೀ. ಲೈಕಾ ಎಂ3ಯಲ್ಲಿ ಅದು 68.5. ಅಂತರ ಕಡಿಮೆ ಆದಷ್ಟೂ ಅಳತೆ ಒರಟು. ರಿವೈಂಡ್ ನಾಬಿನ ಕೆಳಗಿರುವ ಸಣ್ಣ ಕಡ್ಡಿ ತಿರುಗಿಸಿ ಮೊದಲು ನಿನ್ನ ಕಣ್ಣಿಗೆ ಹೊಂದಿಸಿಕೋ. ಬಹಳ ಜನ ಅದನ್ನು ಮುಟ್ಟಿಯೇ ಇರುವುದಿಲ್ಲ.

ರಬಕವಿ ಬೀದಿ

50 ಎಫ್ 1.5 ಜುಪಿಟರ್ 3 ಯಾಕಾಗಬಾರದು ಅಣ್ಣಾ? ಅದೂ ಸೊನ್ನಾರೇ. ಬೆಳಕೂ ಜಾಸ್ತಿ. ನಮ್ಮೂರಿನ ಮಗ್ಗದವರನ್ನು ನಾನು ಅದರಲ್ಲೇ ತೆಗೆಯುತ್ತೇನೆ.

ಟಿಳಕವಾಡಿ ಸ್ಕ್ರೂಮೌಂಟ್

ಮಗ್ಗ, ಕೈ, ಮೈ ಎಲ್ಲ ಬೇಕಾದರೆ ಜುಪಿಟರ್ 3ಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ಮೀಟರಿಗಿಂತ ಹತ್ತಿರ ಬಿಡುವುದಿಲ್ಲ, ಅಷ್ಟರಲ್ಲಿ ಸೊಂಟದಿಂದ ಮೇಲೆ ಬರುತ್ತದೆ. ಬರೀ ಮುಖಕ್ಕೆ ಆಗುವುದಿಲ್ಲ. ಅಪರ್ಚರ್ ಮುಚ್ಚುತ್ತಾ ಹೋದರೆ ಫೋಕಸ್ ಜಾಗವೇ ಹಿಂದಕ್ಕೆ ಸರಿಯುವ ಗುಣವೂ ಅದಕ್ಕಿದೆ. ಅಭ್ಯಾಸ ಆದವರ ಲೆನ್ಸ್ ಅದು.

ಘಟಪ್ರಭಾ ದಂಡೆ, ಗೋಕಾಕ

ನಾನು ಕ್ಯಾನನ್ ಪಿ ಬಾಡಿಗೆ ನಿಕ್ಕೋರ್ 8.5 ಸೆಂ.ಮೀ. ಎಫ್ 2 ಹಾಕಿಕೊಂಡು ನಾಲ್ಕು ವರ್ಷದಿಂದ ಪಾರಿಜಾತದ ಆಟ ತೆಗೆಯುತ್ತಿದ್ದೇನೆ. ಆ ಲೆನ್ಸಿನ ಬಗ್ಗೆ ಯಾರೂ ಬರೆಯದಿದ್ದಕ್ಕೆ ಬರೆಯುತ್ತಿದ್ದೇನೆ.

ಇದೂ ಸೊನ್ನಾರ್ ಕುಟುಂಬದ್ದೇ, ಆದರೆ ಐದು ಗಾಜು. ಜಪಾನಿನ ಲೆನ್ಸ್‌ಗಳಿಗೆ ಹೊರಗಿನವರ ಗೌರವ ಸಿಕ್ಕಿದ್ದರಲ್ಲಿ ಇದರ ಪಾಲು ದೊಡ್ಡದು. 1950ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯ ಫೋಟೋಗ್ರಾಫರ್ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದಾಗ ಮಿಕಿ ಜುನ್ ಎಂಬ ಜಪಾನಿ ಫೋಟೋಗ್ರಾಫರ್ ಇದೇ ಲೆನ್ಸಿನಲ್ಲಿ ಅವರ ಒಂದು ಫೋಟೋ ತೆಗೆದರು. ಪ್ರಿಂಟ್ ನೋಡಿ ಡಂಕನ್ ನಿಕ್ಕೋರ್ ಮಾಡುವ ನಿಪ್ಪೋನ್ ಕೊಗಾಕು ಕಾರ್ಖಾನೆಗೇ ಹೋದರು. ಕೊರಿಯಾ ಯುದ್ಧ ಶುರುವಾದಾಗ ತಮ್ಮ ಲೈಕಾಗಳಿಗೆ ನಿಕ್ಕೋರ್ ಲೆನ್ಸ್ ಹಾಕಿಕೊಂಡು ಹೋದರು. ಒಂದು ಮುಖದ ಫೋಟೋದಿಂದ ಶುರುವಾದ ಕಥೆ ಅದು.

ನನ್ನ ಅನುಭವ ಹೇಳುತ್ತೇನೆ. ಎಫ್ 2ರಲ್ಲೇ ಬಹಳ ಶಾರ್ಪ್. ರಾತ್ರಿ ಆಟದಲ್ಲಿ ಒಂದೇ ಹ್ಯಾಲೋಜನ್ ದೀಪದ ಕೆಳಗೆ ಭಾಗವತರ ಹಣೆಯ ವಿಭೂತಿಯಲ್ಲಿ ಬೆರಳಿನ ಗೆರೆ ಕಾಣುತ್ತದೆ. ಬಣ್ಣ ಹಚ್ಚಿದ ಮುಖಕ್ಕೆ ಇದು ಹೇಳಿ ಮಾಡಿಸಿದ ಲೆನ್ಸ್. ಬಣ್ಣ ಇಲ್ಲದ ಮುಖಕ್ಕೆ ಕರುಣೆ ಕಡಿಮೆ. ನಮ್ಮ ಅವ್ವನ ಫೋಟೋ ತೆಗೆದು ಕೊಟ್ಟೆ. ನೋಡಿದವರೇ ತಿರುಗಿಸಿ ಇಟ್ಟರು. ಆಮೇಲೆ ಗೆಳತಿಯ ಕ್ಯಾನನ್ 85 ಎಫ್ 1.9 ಒಂದು ವಾರ ತಂದಿದ್ದೆ. ಅದೇ ಅವ್ವ, ಅದೇ ಪಡಸಾಲೆ. ಕ್ಯಾನನ್ ಸೊನ್ನಾರ್ ತರಹದ್ದಲ್ಲ, ಆರು ಗಾಜಿನ ಬೇರೆ ರಚನೆ. ಪೂರ್ತಿ ತೆರೆದಾಗ ಕಾಂಟ್ರಾಸ್ಟ್ ಕಡಿಮೆ, ಕೆನ್ನೆ ಮೆತ್ತಗೆ ಬರುತ್ತದೆ, ಎಫ್ 4ಕ್ಕೆ ಖಡಕ್. ಆ ಫೋಟೋ ಈಗ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ.

ಎರಡೂ ಹಿತ್ತಾಳೆ, ಕ್ರೋಮ್, ಬಹಳ ಭಾರ. ಭಾರ ಬೇಡ ಅನ್ನುವವರು ಕ್ಯಾನನ್ 100 ಎಫ್ 3.5 ನೋಡಿ. ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಅನ್ನಿಸುತ್ತದೆ. ಹಗಲಿನ ಕೆಲಸಕ್ಕೆ ಅದು ಸಾಕು, ಕ್ಯಾನನ್ ಪಿಯ ನೋಡುವ ಕಿಟಕಿಯಲ್ಲಿ 100ರ ಚೌಕಟ್ಟಿನ ಗೆರೆಯೂ ಇದೆ. 85ಕ್ಕೆ ಗೆರೆ ಇಲ್ಲ, ನಾನು 100ರ ಗೆರೆಗಿಂತ ಚೂರು ಆಚೆ ಲೆಕ್ಕ ಹಿಡಿಯುತ್ತೇನೆ.

ತಮ್ಮಾ, ನಿನ್ನ ಬಾಡಿ ಝೋರ್ಕಿ ಆದ್ದರಿಂದ ಟಿಳಕವಾಡಿಯವರ ಮಾತೇ ಸರಿ. ಹದಿನೈದು ಸಾವಿರಕ್ಕೆ ಒಳ್ಳೆ ನಿಕ್ಕೋರ್ ಸಿಗುವುದೂ ಇಲ್ಲ.

ಗುಳೇದಗುಡ್ಡದ ಮೊಮ್ಮಗ

ಅಕ್ಕಾ, ಕಾಕಾ, ಅಣ್ಣಾ, ಎಲ್ಲರಿಗೂ ಶರಣು. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಕಾಕಾ, ಅಜ್ಜ ಹೊಸ್ತಿಲಿಗೆ ಬಂದು ಕೂರುವುದಿಲ್ಲ. ಕೇಳಿದೆ. "ಮಗ್ಗದಾಗ ಕುಂತಾಗ ತಗಿ, ಇಲ್ಲಾಂದ್ರ ಬ್ಯಾಡ" ಅಂದರು. ಹಾಗಾಗಿ ಎಫ್ 2ರ ಲೆನ್ಸೇ ಬೇಕು. ಜುಪಿಟರ್ 9 ಹುಡುಕುತ್ತೇನೆ. ಕೊಳ್ಳುವಾಗ ಏನು ನೋಡಬೇಕು?

ಟಿಳಕವಾಡಿ ಸ್ಕ್ರೂಮೌಂಟ್

ಮೊದಲು ಟಾರ್ಚ್. ಕೋಣೆ ಕತ್ತಲು ಮಾಡಿ, ಅಪರ್ಚರ್ ಪೂರ್ತಿ ತೆರೆದು, ಲೆನ್ಸಿನ ಹಿಂದಿನಿಂದ ಸಣ್ಣ ಎಲ್‌ಇಡಿ ಟಾರ್ಚ್ ಬಿಡು. ಮುಂದಿನಿಂದ ಓರೆಯಾಗಿ ನೋಡು. ದೂಳಿನ ಕಣ ಹತ್ತಿಪ್ಪತ್ತು ಇದ್ದರೆ ತಲೆ ಕೆಡಿಸಿಕೊಳ್ಳಬೇಡ. ಬೇರಿನ ಹಾಗೆ, ಜೇಡರ ಬಲೆಯ ಹಾಗೆ ಕವಲೊಡೆದ ಎಳೆ ಕಂಡರೆ ಅದು ಫಂಗಸ್. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ. ಇಲ್ಲಿನ ಕಪಾಟುಗಳಿಂದ ಬರುವ ಲೆನ್ಸ್‌ಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಒರೆಸಿದರೆ ಫಂಗಸ್ ಹೋಗಬಹುದು, ಆದರೆ ಅದು ಕೋಟಿಂಗ್ ತಿಂದಿದ್ದರೆ ಆ ಗುರುತು ಹೋಗುವುದಿಲ್ಲ.

ಎಲ್ಲೆಡೆ ಸಮನಾಗಿ ಮಂಜು ಕವಿದ ಹಾಗಿದ್ದರೆ ಅದು ಹೇಝ್. ಎಷ್ಟೋ ಸಲ ಹಳೇ ಗ್ರೀಸ್ ಆವಿಯಾಗಿ ಕೂತದ್ದು, ಒರೆಸಿದರೆ ಹೋಗುತ್ತದೆ. ಗಾಜಿನ ಅಂಚಿನಲ್ಲಿ ಎಣ್ಣೆ ಬಿದ್ದ ನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಕಂಡರೆ ವಾಪಸ್ ಕೊಟ್ಟು ಬಾ. ಅಂಟಿಸಿದ ಗಾಜು ಬಿಡುತ್ತಿದೆ ಅಂತ ಅರ್ಥ. ಸೊನ್ನಾರ್‌ನಲ್ಲಿ ಮೂರು ಮೂರು ಗಾಜು ಒಟ್ಟಿಗೆ ಅಂಟಿಸಿರುತ್ತಾರೆ, ಅದನ್ನು ರಿಪೇರಿ ಮಾಡುವವರು ಸಿಗುವುದು ಕಷ್ಟ.

ಜುಪಿಟರ್ 9ಕ್ಕೆ ಇನ್ನೊಂದು ಕಾಟ ಇದೆ. ಗ್ರೀಸ್ ಒಣಗಿ ಬಿಗಿಯಾಗುತ್ತದೆ, ಯಾರೋ ಬಿಚ್ಚುತ್ತಾರೆ, ಫೋಕಸ್ ಉಂಗುರದ ಸ್ಕ್ರೂ ಎಳೆಗಳನ್ನು ತಪ್ಪು ಜಾಗದಿಂದ ತಿರುಗಿಸಿ ಜೋಡಿಸುತ್ತಾರೆ. ಒಳಗೆ ಗಾಜಿನ ಭಾಗದ ಕೆಳಗೆ ಒಂದು ತೆಳು ಹಿತ್ತಾಳೆ ಉಂಗುರ ಇರುತ್ತದೆ, ಶಿಮ್ ಅಂತಾರೆ. ಅದನ್ನು ಕಳೆದುಬಿಡುತ್ತಾರೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಲೆನ್ಸಿನ ಜೊತೆ ಕ್ಯಾಮೆರಾ ಮೇಲೆ ಸಿಕ್ಕಿಸಿ ಚೌಕಟ್ಟು ನೋಡುವ, ಐದು ಮೂತಿಯ ರಷ್ಯನ್ ಫೈಂಡರ್ ಸಿಕ್ಕರೆ ಬಿಡಬೇಡ. 28, 35, 50, 85, 135 ಐದೂ ಇವೆ. ಝೋರ್ಕಿಯ ಸ್ವಂತ ಕಿಟಕಿಯಲ್ಲಿ 50 ಮಾತ್ರ ಕಾಣುತ್ತದೆ. ಮತ್ತೆ ಬಂಗಾರದ ಬಣ್ಣದ ಲೈಕಾ, ಮೇಲೆ ಜರ್ಮನ್ ಸೇನೆಯ ಮುದ್ರೆ ಅಂತ ಯಾರಾದರೂ ತೋರಿಸಿದರೆ ದೂರ ಇರು. ಅವು ಝೋರ್ಕಿ, ಫೆಡ್‌ಗಳ ಮೇಲೆ ಆಮೇಲೆ ಕೆತ್ತಿದ್ದು.

ಹಳೇ ಸ್ಟುಡಿಯೋ, ವಿಜಯಪುರ

ಟಿಳಕವಾಡಿಯವರು ಲೆಕ್ಕ ಹಾಕಿ ತೋರಿಸಿದ ಮೇಲೆ ನಾನೂ ಒಪ್ಪಿದೆ. ನಾನು ಎಲ್ಮಾರ್ ಬಳಸಿದ್ದು ಲೈಕಾ ಬಾಡಿಯಲ್ಲೇ, ಝೋರ್ಕಿಯಲ್ಲಿ ಹಾಕಿ ನೋಡಿರಲಿಲ್ಲ.

ಮೆತ್ತನೆಯ ಮುಖದ ಮಾತು ಬಂತಲ್ಲ, ಲೈಕಾದ ಥಾಂಬಾರ್ ನೆನಪಾಯಿತು. 1935ರದ್ದು, 9 ಸೆಂ.ಮೀ. ಎಫ್ 2.2, ಬೇಕಂತಲೇ ಮೆತ್ತಗೆ ಮಾಡಿದ ಲೆನ್ಸ್. ಮಧ್ಯದಲ್ಲಿ ಬೆಳ್ಳಿಯ ಚುಕ್ಕೆ ಇರುವ ಫಿಲ್ಟರ್ ಹಾಕಿದರೆ ಇನ್ನೂ ಮೆತ್ತಗೆ. ಮಾಡಿದ್ದೇ ಮೂರು ಸಾವಿರದ ಸುಮಾರು. ಲೈಕಾದವರು 2017ರಲ್ಲಿ ಮತ್ತೆ ಮಾಡಿದರು. ನಮ್ಮಂಥವರಿಗೆ ಫೋಟೋದಲ್ಲಿ ನೋಡುವ ಲೆನ್ಸ್ ಅದು. ಜುಪಿಟರ್ 9 ಎಫ್ 2ರಲ್ಲಿ ಕೊಡುವ ಹೊಳಪು ನಮ್ಮ ಅಜ್ಜಂದಿರಿಗೆ ಸಾಕು.

ತಮ್ಮಾ, ಝೋರ್ಕಿಯಲ್ಲಿ ಶಟರ್ ಎಳೆದ ಮೇಲೆಯೇ ಸ್ಪೀಡ್ ಬದಲಿಸು. ಎಳೆಯದೆ ತಿರುಗಿಸಿದರೆ ಒಳಗೆ ಮುರಿಯುತ್ತದೆ.

ಗುಳೇದಗುಡ್ಡದ ಮೊಮ್ಮಗ

ಲೆನ್ಸ್ ಬಂತು. ಗಾಜು ತಿಳಿ ಇದೆ, ಟಾರ್ಚ್ ಹಾಕಿ ನೋಡಿದೆ. ರಷ್ಯನ್ ಕೋಟಿಂಗ್‌ನ ಕೆಂಪು ಅಕ್ಷರವೂ ಮುಂದಿನ ಉಂಗುರದ ಮೇಲಿದೆ. ಮಾರಿದವರು "ಈಗಷ್ಟೇ ಸರ್ವಿಸ್ ಮಾಡಿದ್ದು" ಅಂದಿದ್ದರು. ಫೋಕಸ್ ಉಂಗುರ ಬೆಣ್ಣೆಯ ಹಾಗೆ ತಿರುಗುತ್ತದೆ.

ಒಂದು ರೋಲ್ ಅಜ್ಜನದೇ ತೆಗೆದೆ. ಮೂವತ್ತಾರರಲ್ಲಿ ಒಂದೂ ಸರಿ ಬಂದಿಲ್ಲ. ಪ್ರತಿಯೊಂದರಲ್ಲೂ ಕಣ್ಣು ಮಬ್ಬು. ಕಿವಿಯ ಮೇಲಿನ ಬಿಳಿ ಕೂದಲು ಒಂದೊಂದೂ ಸ್ಪಷ್ಟ. ರಾತ್ರಿ ಪೂರ್ತಿ ನಿದ್ದೆ ಬರಲಿಲ್ಲ. ಅಜ್ಜ ಅರ್ಧ ದಿನ ಕೆಲಸ ಬಿಟ್ಟು ನನಗಾಗಿ ಸುಮ್ನೆ ಕೂತಿದ್ದರು. ಮಾರಿದವರಿಗೆ ಫೋನ್ ಮಾಡಿದರೆ ನಿಮಗೆ ಫೋಕಸ್ ಮಾಡಲು ಬರುವುದಿಲ್ಲ ಅಂತಾರೆ.

ಟಿಳಕವಾಡಿ ಸ್ಕ್ರೂಮೌಂಟ್

ನಿನ್ನ ಜುಪಿಟರ್ 8ರಲ್ಲಿ ಒಂದು ವರ್ಷದ ಫೋಟೋ ಶಾರ್ಪ್ ಬಂದಿವೆ ಅಂದೆ. ಹಾಗಾದರೆ ನಿನ್ನ ಕಣ್ಣೂ ಸರಿ, ಬಾಡಿಯೂ ಸರಿ. ತಪ್ಪು ಲೆನ್ಸಿನದು. ಬೇಜಾರಾಗಬೇಡ.

ಝೋರ್ಕಿ 4ರ ಹಿಂಬಾಗಿಲು ಪೂರ್ತಿ ಕಳಚಿ ಬರುತ್ತದೆ, ಅದು ನಿನ್ನ ಪುಣ್ಯ. ಫಿಲ್ಮ್ ತೆಗೆದು, ಶಟರ್ ಎಳೆದು, ಸ್ಪೀಡ್ ಡಯಲ್ಲನ್ನು ಬಿ ಜಾಗಕ್ಕೆ ಇಟ್ಟು ಶಟರ್ ಒತ್ತುವ ಕೇಬಲ್‌ನಿಂದ ತೆರೆದು ನಿಲ್ಲಿಸು. ಫಿಲ್ಮ್ ಕೂರುವ ಒಳಗಿನ ಎರಡು ಹಳಿಗಳಿಗೆ ಅರೆಪಾರದರ್ಶಕ ಟೇಪ್ ಬಿಗಿಯಾಗಿ ಎಳೆದು ಅಂಟಿಸು. ಸುಕ್ಕಿರಬಾರದು. ಕ್ಯಾಮೆರಾ ಅಲ್ಲಾಡದ ಹಾಗೆ ಇಡು. ಲೆನ್ಸ್ ಎಫ್ 2. ಟೇಪಿನ ಮೇಲೆ ತಲೆಕೆಳಗಾದ ಚಿತ್ರ ಮೂಡುತ್ತದೆ. ಭೂತಗನ್ನಡಿಯಿಂದ ನೋಡು.

ಎರಡು ಪರೀಕ್ಷೆ ಮಾಡು. ಮೊದಲು ಅರ್ಧ ಕಿಲೋಮೀಟರ್ ಆಚೆಯ ಗುಡ್ಡದ ಅಂಚು. ಉಂಗುರ ಇನ್ಫಿನಿಟಿಗೆ, ಅಂದರೆ ಅತಿ ದೂರದ ಗುರುತಿಗೆ, ತಾಗಿದಾಗ ಅಂಚು ಚೂಪಾಗಿ ಕಾಣಬೇಕು. ಆಮೇಲೆ ಒಂದೂವರೆ ಮೀಟರಿನಲ್ಲಿ ಗೋಡೆಗೆ ಅಂಟಿಸಿದ ಪತ್ರಿಕೆ. ರೇಂಜ್‌ಫೈಂಡರ್‌ನಲ್ಲಿ ಅಕ್ಷರಗಳು ಒಂದಾದಾಗ ಟೇಪಿನ ಮೇಲೂ ಓದಲು ಬರಬೇಕು. ದೂರ ಸರಿ, ಹತ್ತಿರ ತಪ್ಪು ಅಂದರೆ ಎಳೆ ಜೋಡಣೆಯ ದೋಷ. ಎರಡೂ ಒಂದೇ ದಿಕ್ಕಿಗೆ ತಪ್ಪಿದ್ದರೆ ಶಿಮ್ ಇಲ್ಲ.

ಗುಳೇದಗುಡ್ಡದ ಮೊಮ್ಮಗ

ಮಾಡಿದೆ ಅಣ್ಣಾ. ಇನ್ಫಿನಿಟಿಗೆ ತಾಗಿದಾಗ ಗುಡ್ಡ ಮಬ್ಬು. ಉಂಗುರ ಸ್ವಲ್ಪ ಈಚೆ ತಂದರೆ ಚೂಪು. ಪತ್ರಿಕೆಯನ್ನು ಆರು ಸೆಂ.ಮೀ. ಹಿಂದೆ ಸರಿಸಿದಾಗ ಅಕ್ಷರ ಓದಲು ಬಂತು.

ಟಿಳಕವಾಡಿ ಸ್ಕ್ರೂಮೌಂಟ್

ಹಾಗಾದರೆ ಶಿಮ್ಮೇ. ಗಾಜಿನ ಭಾಗ ಫಿಲ್ಮಿಗೆ 0.2 ಮಿ.ಮೀ.ನಷ್ಟು ಹತ್ತಿರ ಕೂತಿದೆ. ಒಂದೂವರೆ ಮೀಟರಿನಲ್ಲಿ ಅಷ್ಟಕ್ಕೇ ಆರು ಸೆಂ.ಮೀ. ತಪ್ಪುತ್ತದೆ. ಲೋಕಾಪುರ, ಯರಗಟ್ಟಿ ಮೇಲಿನ ಬಸ್ ಹತ್ತಿ ಭಾನುವಾರ ಬಾ. ಹಿತ್ತಾಳೆ ಹಾಳೆ ನನ್ನ ಹತ್ತಿರ ಇದೆ. ಕ್ಯಾಮೆರಾ ತರಲು ಮರೆಯಬೇಡ, ಬರೀ ಲೆನ್ಸ್ ತಂದರೆ ಆಗುವುದಿಲ್ಲ.

ಗುಳೇದಗುಡ್ಡದ ಮೊಮ್ಮಗ

ಹದಿನೈದು ದಿನ ಆಯಿತು. ಬರೆಯಲು ತಡವಾಯಿತು, ಕ್ಷಮಿಸಿ.

ಅಣ್ಣ ಕತ್ತರಿಯಿಂದ ಉಂಗುರ ಕತ್ತರಿಸಿ, ಉಜ್ಜಿ, ಇಟ್ಟು, ನೋಡಿ, ಮತ್ತೆ ತೆಗೆದು, ನಾಲ್ಕನೇ ಸಲಕ್ಕೆ ಸರಿ ಕೂರಿಸಿದರು. ದುಡ್ಡು ತೆಗೆದುಕೊಳ್ಳಲಿಲ್ಲ. ಬರುವಾಗ ಕುಂದಾ ಕಟ್ಟಿಸಿ ಕಳಿಸಿದ್ದು ಅವರೇ.

ಮನೆಗೆ ಬಂದು ಎಚ್‌ಪಿ 5 ಫಿಲ್ಮ್ ಹಾಕಿದೆ. ಈ ಸಲ ಅಜ್ಜನಿಗೆ ಕೂರಲು ಹೇಳಲಿಲ್ಲ. ಅವರ ಪಾಡಿಗೆ ಅವರು ನೇಯುತ್ತಿದ್ದರು, ನಾನು ಕಿಟಕಿಯ ಪಕ್ಕ ನೆಲದ ಮೇಲೆ ಕೂತೆ. ಕುಣಿಯಲ್ಲಿ ಕಾಲು ಇಳಿಬಿಟ್ಟವರ ಮುಖ ನೆಲದಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಇಷ್ಟು ದಿನ ನಿಂತು ತೆಗೆದು ತಪ್ಪು ಮಾಡುತ್ತಿದ್ದೆ.

ಹತ್ತೂ ಕಾಲಿಗೆ ಒಂದು ಎಳೆ ಹರಿಯಿತು. ಲಾಳಿ ನಿಂತಿತು. ಅಜ್ಜ ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು ಮುಂದೆ ಬಾಗಿದರು. ಎಳೆಯ ಎರಡು ತುದಿ ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆಯುತ್ತಾ ಕಣ್ಣಿನ ಹತ್ತಿರ ತಂದರು. ಅವರಿಗೆ ಹತ್ತಿರದ್ದು ಸರಿ ಕಾಣುವುದಿಲ್ಲ, ಆದರೂ ಹಾಗೇ ಮಾಡುತ್ತಾರೆ. ಉಸಿರು ಹಿಡಿದಿದ್ದರು. ಎಫ್ 2.8, 1/30, ಮೊಣಕೈ ಎರಡೂ ಮಂಡಿಯ ಮೇಲೆ ಊರಿ ಒತ್ತಿದೆ. ಐಡಿ 11 ಡೆವಲಪರ್‌ಗೆ ಒಂದಕ್ಕೊಂದು ನೀರು ಬೆರೆಸಿ ಫಿಲ್ಮ್ ತೊಳೆದೆ. ನಲ್ಲಿ ನೀರು 31 ಡಿಗ್ರಿ ಇತ್ತು. ಡಬ್ಬಿಯನ್ನು ಐಸ್ ಹಾಕಿದ ಬಕೆಟ್ಟಿನಲ್ಲಿ ಇಟ್ಟು 20ಕ್ಕೆ ಇಳಿಸಿ 13 ನಿಮಿಷ.

ಆ ಒಂದು ನೆಗೆಟಿವ್ ಬಂದಿದೆ. ಎಡಗಣ್ಣಿನ ಒದ್ದೆ ಅಂಚಿನಲ್ಲಿ ಕಿಟಕಿಯ ಸರಳು ಕಾಣುತ್ತದೆ. ರುಮಾಲಿನ ಮಡಿಕೆ ಒಂದೂ ಸುಟ್ಟಿಲ್ಲ ಕಾಕಾ. ಹಿಂದಿನ ಗೋಡೆ, ಕ್ಯಾಲೆಂಡರ್, ನೇತುಹಾಕಿದ ನೂಲಿನ ಲಡಿ ಎಲ್ಲ ಹೊಗೆಯ ಹಾಗೆ ಕರಗಿವೆ. ಬೆರಳೂ ಕಣ್ಣೂ ಒಂದೇ ದೂರದಲ್ಲಿ ಇದ್ದದ್ದರಿಂದ ಎರಡೂ ಶಾರ್ಪ್.

ಎಂಟು ಹತ್ತರ ಪ್ರಿಂಟ್ ಮಾಡಿಸಿ ಕೊಟ್ಟೆ. ಅಜ್ಜ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಮ್ಮ ಮುಖದ ಬಗ್ಗೆ ಏನೂ ಹೇಳಲಿಲ್ಲ. ಬೆರಳಿನ ನಡುವಿನ ಆ ಎಳೆಯ ಮೇಲೆ ಉಗುರಿಟ್ಟು, "ಇಲ್ಲೇ ಹರದಿತ್ತ ನೋಡು" ಅಂದರು.

ಹಳೇ ಸ್ಟುಡಿಯೋ, ವಿಜಯಪುರ

ತಮ್ಮಾ, ಆ ನೆಗೆಟಿವ್ ಸ್ಕ್ಯಾನ್ ಮಾಡಿ ಇಲ್ಲಿ ಹಾಕು. ಎರಡು ಪ್ರಿಂಟ್ ಜಾಸ್ತಿ ಮಾಡಿಸು, ಒಂದು ನನಗೆ. ದುಡ್ಡು ಕಳಿಸುತ್ತೇನೆ.

ಟಿಳಕವಾಡಿ ಸ್ಕ್ರೂಮೌಂಟ್

ಇನ್ನೊಂದು ನನಗೆ. ಮತ್ತೆ ಲೆನ್ಸನ್ನು ಅದರ ಲೆದರ್ ಡಬ್ಬಿಯಲ್ಲಿ ಇಡಬೇಡ, ಚರ್ಮ ತೇವ ಹಿಡಿದುಕೊಳ್ಳುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಹಾಕಿ ಇಡು. ಜೂನ್ ಬರುವುದರೊಳಗೆ.